ಮಗುವಿನ ಚಿಕಿತ್ಸೆ ಅಪ್ಪನೇ ಬೇಡ ಅಂದರೆ?

ಪ್ರಶ್ನೆ: ವಕೀಲರೇ, ನನ್ನ ಅಕ್ಕನ ಮಗನಿಗೆ 7 ವರ್ಷ. ರಕ್ತದ ಕ್ಯಾನ್ಸರ್, ಡಾಕ್ಟರು ಎಎಲ್ಎಲ್ ಅಂತಾರೆ. ಮೊದಲ ತಿಂಗಳ ಕಿಮೋ ಮುಗಿದಿದೆ. ಕೂದಲು ಪೂರ್ತಿ ಉದುರಿದೆ. ಮನೆಗೆ ಯಾರಾದರೂ ಬಂದರೆ ತಲೆಗೆ ಟವೆಲ್ ಸುತ್ತಿಕೊಂಡು ಮೂಲೆಯಲ್ಲಿ ಕೂರುತ್ತಾನೆ. ಈಗಿನ ರಿಪೋರ್ಟಿನಲ್ಲಿ ರೋಗ ಕಾಣಿಸ್ತಿಲ್ಲ. ‘ವಾಸಿಯಾಯ್ತಲ್ಲ, ಇನ್ನು ನಾಟಿ ಔಷಧಿ ಸಾಕು’ ಅಂತ ಭಾವ ಹಟ ಹಿಡಿದಿದ್ದಾರೆ. ನಿಲ್ಲಿಸಿದರೆ ಸರ್ಕಾರದ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕಾಗುತ್ತೆ ಅಂದರಂತೆ ಡಾಕ್ಟರು. ಹೆತ್ತವರಿಗಿಂತ ಸರ್ಕಾರ ದೊಡ್ಡದಾ? ಮಗುವನ್ನು ಕಿತ್ತುಕೊಂಡು ಹೋಗ್ತಾರಾ?

ಉತ್ತರ: ಕಿತ್ತುಕೊಳ್ಳೋದು ಮೊದಲ ಹೆಜ್ಜೆ ಅಲ್ಲ, ಧೈರ್ಯವಾಗಿರಿ. 12 ವರ್ಷದೊಳಗಿನ ಮಗುವಿನ ಪರವಾಗಿ ಒಪ್ಪಿಗೆ ಕೊಡುವುದು ಅಪ್ಪ ಅಮ್ಮನೇ. ಆದರೆ ಆ ಹಕ್ಕು ಮಗುವಿನ ಒಳಿತಿಗಾಗಿ ಇರುವುದು. ಮಗುವಿನ ಜೀವಕ್ಕೇ ಕುತ್ತು ಬಂದರೆ 2015ರ ಬಾಲನ್ಯಾಯ ಕಾಯ್ದೆ ನಡುವೆ ಬರುತ್ತದೆ. ಸಮಿತಿಯವರು ಸುಮ್ನೆ ಬುದ್ಧಿ ಹೇಳಿ ಕಳಿಸುವವರಲ್ಲ, ಅವರಿಗೆ ಮ್ಯಾಜಿಸ್ಟ್ರೇಟರ ಅಧಿಕಾರ ಇದೆ. ವಿಷಯ ಹೈಕೋರ್ಟಿಗೂ ಹೋಗಬಹುದು. ಬೇಕಂತಲೇ ನಿರ್ಲಕ್ಷ್ಯ ಮಾಡಿ ಮಗು ನರಳುವಂತಾದರೆ 75ನೇ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಆದರೆ ಮಗುವನ್ನು ಮನೆಯಿಂದ ದೂರ ಇಡುವುದು ಕಟ್ಟಕಡೆಯ ದಾರಿ ಅಂತ ಅದೇ ಕಾಯ್ದೆ ಹೇಳುತ್ತದೆ. ಮಗುವಿನ ಮಾತನ್ನೂ ಕೇಳಬೇಕು ಅನ್ನುತ್ತದೆ. ಆ ಟವೆಲ್ ಹುಡುಗನನ್ನು ಇದುವರೆಗೆ ಯಾರಾದರೂ ಕೇಳಿದ್ದಾರಾ?

ಮಕ್ಕಳ ಡಾಕ್ಟರ್ ಒಬ್ಬರು: ಒಂದು ಮಾತು ಸೇರಿಸ್ತೀನಿ. ರಿಪೋರ್ಟಿನಲ್ಲಿ ಕಾಣದಿದ್ದರೆ ರೋಗ ಹೋಯ್ತು ಅಂತಲ್ಲ. ಅಳಿದುಳಿದ ಕಣಗಳು ಒಳಗೇ ಅಡಗಿರುತ್ತವೆ. ಅದಕ್ಕೇ ಚಿಕಿತ್ಸೆ 2ರಿಂದ 3 ವರ್ಷ ನಡೆಯುತ್ತೆ. ಮಧ್ಯೆ ಬಿಟ್ಟರೆ ರೋಗ ಹೆಚ್ಚುಕಡಿಮೆ ಮರಳಿ ಬಂದೇ ಬರುತ್ತೆ, ಆಗ ಗುಣಪಡಿಸೋದು ತುಂಬಾ ಕಷ್ಟ. ಪೂರ್ತಿ ಚಿಕಿತ್ಸೆ ಸಿಕ್ಕರೆ ಹೆಚ್ಚಿನ ಮಕ್ಕಳು ಗುಣವಾಗುವ ಕಾಯಿಲೆ ಇದು. ದಯವಿಟ್ಟು ಬಿಡಿಸಬೇಡಿ.

ಇನ್ನೊಬ್ಬರು: ಸರ್ಕಾರವೇ ತಪ್ಪಿದರೆ? ಡಾಕ್ಟರು ಹೇಳಿದ್ದೆಲ್ಲ ವೇದವಾಕ್ಯವಾ?

ಉತ್ತರ: ಅಲ್ಲವೇ ಅಲ್ಲ. 2014ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಆಸ್ಪತ್ರೆಯಿಂದ, ಮೆದುಳು ಗೆಡ್ಡೆ ಇದ್ದ 5 ವರ್ಷದ ಆಶ್ಯಾ ಕಿಂಗ್‌ನನ್ನು ಹೆತ್ತವರೇ ಸ್ಪೇನಿಗೆ ಕರೆದೊಯ್ದರು. ಅವರಿಗೆ ಬೇಕಿದ್ದದ್ದು ಪ್ರೋಟಾನ್ ಚಿಕಿತ್ಸೆ, ಅಂದರೆ ಒಂದು ಬಗೆಯ ವಿಕಿರಣ ಚಿಕಿತ್ಸೆ. ಪೊಲೀಸರು ಅಪ್ಪ ಅಮ್ಮನನ್ನು ಹಿಡಿದು ಜೈಲಿಗೆ ಹಾಕಿದರು. ಮಗು ಪರದೇಶದ ಆಸ್ಪತ್ರೆಯಲ್ಲಿ ಹೆತ್ತವರಿಲ್ಲದೆ ಮಲಗಿತ್ತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಕೊನೆಗೆ ಕೋರ್ಟೇ ಪ್ರಾಗ್‌ನಲ್ಲಿ ಪ್ರೋಟಾನ್ ಚಿಕಿತ್ಸೆಗೆ ಒಪ್ಪಿತು. ಆದರೆ ಆ ಹೆತ್ತವರು ಕೇಳಿದ್ದು ಬೇರೆ ವೈದ್ಯಕೀಯ ಚಿಕಿತ್ಸೆ, ಚಿಕಿತ್ಸೆಯೇ ಬೇಡ ಅಂದವರಲ್ಲ. ಈ ಹುಡುಗನ ಅಪ್ಪನೂ ಇನ್ನೊಬ್ಬ ಕ್ಯಾನ್ಸರ್ ತಜ್ಞರನ್ನು ಕೇಳಲಿ, ಅದು ಅವರ ಹಕ್ಕು. ಆದರೆ ಅಲ್ಲಿವರೆಗೆ ಔಷಧಿ ನಿಲ್ಲಬಾರದು.

ಪ್ರಶ್ನೆ ಕೇಳಿದವರು: ಭಾವನಿಗೆ ಎಲ್ಲ ಓದಿ ಹೇಳಿದೆ. ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, ‘ಹಸು ಮಾರಿದ ದುಡ್ಡೂ ಖರ್ಚಾಯ್ತು. ಇನ್ನು ಬಸ್‌ಚಾರ್ಜಿಗೂ ಇಲ್ಲ’ ಅಂದರು.

ಉತ್ತರ: ಈ ಮಾತನ್ನೇ ನಾಳೆ ಡಾಕ್ಟರ ಮುಂದೆ ಹೇಳಲಿ, ನಾಚಿಕೆ ಬೇಡ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತೆ. ಓಡಾಟದ ಖರ್ಚು, ಉಳಿಯುವ ಜಾಗದ ಬಗ್ಗೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಯಾರೂ ಕಿವಿಗೊಡದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮುಂದಿನ ಕಿಮೋ ಯಾವತ್ತು ಅಂತ ಇಲ್ಲೇ ಬರೆಯಿರಿ.