ಸಹಾಯ ಬೇಕು: ‘ಕೈ ಚೆಲ್ಲಿ ಕೂತ್ಬಿಟ್ಟೆ’ ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಹೇಳೋದು?

ಎಲ್ರಿಗೂ ನಮಸ್ಕಾರ, ಮಡಿಕೇರಿಯಿಂದ ಬರೀತಿದೀನಿ. 2018ರ ಆಗಸ್ಟಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ನಮ್ಮ ಕಾಫಿ ತೋಟದ ಒಂದು ಮಗ್ಗುಲು ಪೂರ್ತಿ ಹೋಯ್ತು, ಅದನ್ನ ಅಪ್ಪ ಹೇಳಿದ ಹಾಗೇ ಇಂಗ್ಲಿಷಲ್ಲಿ ಬರ್ದು ಹೊರದೇಶದಲ್ಲಿರೋ ಅಣ್ಣನ ಮಕ್ಕಳಿಗೆ ಕಳಿಸ್ಬೇಕು, ಅವ್ರಿಗೆ ಕನ್ನಡ ಓದಕ್ಕೆ ಬರಲ್ಲ.

ಅಪ್ಪ ಹೇಳಿದ್ದು ಇಷ್ಟೇ: “ಸಿಲ್ವರ್ ಮರ ನಿಂತ ಹಾಗೇ ಕೆಳಗೆ ಜಾರ್ಕೊಂಡು ಹೋದ್ವು, ನಾನು ಕಣದಲ್ಲಿ ಕೈ ಚೆಲ್ಲಿ ಕೂತ್ಬಿಟ್ಟೆ.”

ಮೊದ್ಲು ‘ಐ ವಾಸ್ ಹೋಪ್‌ಲೆಸ್’ ಅಂತ ಬರ್ದೆ. ಆದ್ರೆ ಮನುಷ್ಯರಿಗೆ ಹೋಪ್‌ಲೆಸ್ ಅಂದ್ರೆ ಕೈಲಾಗದವ್ನು ಅನ್ನೋ ಅರ್ಥಾನೂ ಬರುತ್ತೆ, ‘ಹೋಪ್‌ಲೆಸ್ ಅಟ್ ಮ್ಯಾಥ್ಸ್’ ಅಂತಾರಲ್ಲ ಹಾಗೆ, ಅಪ್ಪನ ಬಗ್ಗೆ ಅದು ನಂಗೆ ಖಂಡಿತ ಬೇಡ. ‘ಐ ಫೆಲ್ಟ್ ಹೋಪ್‌ಲೆಸ್’ ಪರವಾಗಿಲ್ಲ. ‘ಡೆಸ್ಪರೇಟ್’ ಬಿಟ್ಟೆ, ಅದ್ರಲ್ಲಿ ಏನಾದ್ರೂ ಮಾಡಿ ಉಳಿಸ್ಕೋಬೇಕು ಅನ್ನೋ ಒದ್ದಾಟ ಇದೆ, ಅಪ್ಪ ಸುಮ್ನೆ ಕೂತಿದ್ರು, ಮಳೇಲೇ.

ಈಗ ಉಳ್ದಿರೋದು ‘ಲಾಸ್ಟ್ ಹೋಪ್’, ‘ಗೇವ್ ಅಪ್ ಹೋಪ್’, ‘ಇನ್ ಡಿಸ್ಪೇರ್’. ಗೇವ್ ಅಪ್ ಅಂದ್ರೆ ತಾವಾಗೇ ಬಿಟ್ಟ ಹಾಗೆ, ಲಾಸ್ಟ್ ಅಂದ್ರೆ ಕೈಯಿಂದ ಜಾರಿ ಹೋದ ಹಾಗೆ ಕೇಳ್ಸುತ್ತೆ ನಂಗೆ. ಡಿಸ್ಪೇರ್‌ಗೆ ತೂಕ ಇದೆ, ಆದ್ರೆ ಪುಸ್ತಕದ ಮಾತು, ಅಪ್ಪ ಹಾಗೆ ಮಾತಾಡೋರಲ್ಲ. ‘ಥ್ರೂ ಅಪ್ ಮೈ ಹ್ಯಾಂಡ್ಸ್’ ಕೂಡ ನೋಡ್ದೆ, ಅದ್ರಲ್ಲಿ ಸಿಡಿಮಿಡಿ ಜಾಸ್ತಿ ಅನ್ಸ್ತು.

ನನ್ನ ಮನ್ಸು ‘ಐ ಲಾಸ್ಟ್ ಆಲ್ ಹೋಪ್’ ಕಡೆಗಿದೆ. ಇಂಗ್ಲಿಷ್ ಪಾಠ ಮಾಡೋರು, ಅನುವಾದ ಮಾಡೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಆ ಕೂತಿರೋ ಕೈ ಕಾಣೋ ಹಾಗೆ ಬೇರೆ ಮಾತಿದ್ರೂ ಸರಿ. ಭಾನುವಾರದೊಳಗೆ ಕಳಿಸ್ಬೇಕು.