ರೇಡಿಯೋ ಯಾವಾಗ ನಿಲ್ಲುತ್ತದೆ, ಅದನ್ನು ಮೊದಲು ನೋಡಿ ಚಿಕ್ಕಮ್ಮ

ಚಿಕ್ಕಮ್ಮ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಎರಡು ಸಾಲಿನಲ್ಲಿ ಉತ್ತರ ಕೊಟ್ಟರೆ ಮತ್ತೆ ಹತ್ತು ಪ್ರಶ್ನೆ ಹುಟ್ಟುತ್ತವೆ, ಅದಕ್ಕೇ ಉದ್ದಕ್ಕೇ ಹೇಳುತ್ತಿದ್ದೇನೆ. ಉಳಿದವರೂ ಕೇಳಿಸಿಕೊಳ್ಳಿ. ಮೈಸೂರಿನ ಮಾವನದ್ದೂ ನ್ಯೂಜೆರ್ಸಿಯ ಅಕ್ಕನದ್ದೂ ಇದೇ ದೂರು. ದೂರು ಒಂದೇ, ಆದರೆ ಮೂರು ಮನೆಯಲ್ಲೂ ಕಾರಣ ಬೇರೆ ಬೇರೆ.

ನೀವು ಬರೆದದ್ದು ಇಷ್ಟು. ಫೋನಿನಲ್ಲಿ ನ್ಯೂಸ್ ಆನ್ ಏರ್ ಆ್ಯಪ್ ಹಾಕಿ ಆಕಾಶವಾಣಿ ಕೇಳುತ್ತೀರಿ. ಬೆಳಿಗ್ಗೆ ಭದ್ರಾವತಿ ಕೇಂದ್ರ, ಪ್ರದೇಶ ಸಮಾಚಾರ ಎಲ್ಲ ಸಲೀಸಾಗಿ ಬರುತ್ತದೆ. ಸಂಜೆ ಆಕಾಶವಾಣಿಯ ಶಾಸ್ತ್ರೀಯ ಸಂಗೀತದ ವಾಹಿನಿ ಅಮೃತವರ್ಷಿಣಿ ಹಾಕಿದರೆ ಪಲ್ಲವಿ ಒಂದು ಸಾಲು ಬರುತ್ತದೆ, ನಿಲ್ಲುತ್ತದೆ, ಚಕ್ರ ತಿರುಗುತ್ತದೆ, ಮತ್ತೊಂದು ಚೂರು ಬರುತ್ತದೆ. ಇದಕ್ಕೆ ಗುಂಪಿನಲ್ಲಿ ಬಂದ ಸಲಹೆ: ಫೋನ್ ಹಳೆಯದಾಗಿದೆ, ಹೊಸದು ತಗೊಳ್ಳಿ. ಇನ್ನೊಬ್ಬರು ಆ್ಯಪ್ ಅಳಿಸಿ ಮತ್ತೆ ಹಾಕಿ ಅಂದರು.

ದಯವಿಟ್ಟು ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಫೋನ್ ಕೆಟ್ಟಿದ್ದರೆ ಬೆಳಿಗ್ಗೆಯೂ ಕೆಟ್ಟಿರಬೇಕಿತ್ತಲ್ವಾ? ಅದೇ ಫೋನ್, ಅದೇ ಆ್ಯಪ್, ಅದೇ ಜಾಗ. ಬದಲಾದದ್ದು ಹೊತ್ತು ಮತ್ತು ಕೇಳುವ ಸ್ಟೇಷನ್, ಎರಡೇ. ರೇಡಿಯೋ ಯಾವಾಗ ನಿಲ್ಲುತ್ತದೆ, ಹೇಗೆ ನಿಲ್ಲುತ್ತದೆ ಅನ್ನುವುದನ್ನು ಗಮನಿಸಿದರೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ.

ಒಂದು ವಿಷಯ ಮೊದಲು ಅರ್ಥ ಮಾಡಿಕೊಳ್ಳೋಣ. ಬಫರ್ ಅಂದರೆ ಮನೆಯ ನೀರಿನ ತೊಟ್ಟಿ ಇದ್ದ ಹಾಗೆ. ನಲ್ಲಿಯಲ್ಲಿ ನೀರು ಒಂದು ಕ್ಷಣ ನಿಂತರೂ ತೊಟ್ಟಿಯಲ್ಲಿ ಇರುವಷ್ಟು ಹೊತ್ತು ನಮಗೆ ಗೊತ್ತಾಗುವುದಿಲ್ಲ. ಫೋನ್ ಕೂಡ ಹಾಡನ್ನು ಬಂದ ಕೂಡಲೇ ನುಡಿಸುವುದಿಲ್ಲ. ಕೆಲವು ಸೆಕೆಂಡಿನಷ್ಟು ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಯೂಟ್ಯೂಬ್‌ನಲ್ಲಿ ಹಳೆಯ ಕಛೇರಿ ಹಾಕಿದರೆ ಮುಂದಿನ ಎಷ್ಟೋ ಹೊತ್ತಿನ ಸಂಗೀತವನ್ನು ಮೊದಲೇ ತಂದಿಟ್ಟುಕೊಳ್ಳಬಹುದು. ಲೈವ್ ರೇಡಿಯೋಗೆ ಅದು ಆಗುವುದಿಲ್ಲ. ಗಾಯಕರು ಇನ್ನೂ ಹಾಡದೇ ಇರುವುದನ್ನು ತರುವುದು ಹೇಗೆ? ಹಾಗಾಗಿ ರೇಡಿಯೋದಲ್ಲಿ ಕೂಡಿಟ್ಟದ್ದು ಯಾವಾಗಲೂ ಚೂರೇ. ಅದಕ್ಕೇ ವಿಡಿಯೋ ಚೆನ್ನಾಗಿ ಓಡುವ ಕಡೆಯಲ್ಲೂ ರೇಡಿಯೋ ತೊದಲುತ್ತದೆ. ಅಷ್ಟು ದೊಡ್ಡ ವಿಡಿಯೋನೇ ಬರುತ್ತೆ, ಇಷ್ಟು ಸಣ್ಣ ರೇಡಿಯೋ ಬರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕಾರಣ ಇದೇ.

ರೇಡಿಯೋಗೆ ಬೇಕಾದ ಡೇಟಾ ನಿಜಕ್ಕೂ ಕಡಿಮೆ. ಸೆಕೆಂಡಿಗೆ 64 ಕಿಲೋಬಿಟ್‌ನ ಸ್ಟ್ರೀಮ್ ಆದರೆ ಒಂದು ಗಂಟೆಗೆ ಸುಮಾರು 29 ಎಂಬಿ. 128 ಆದರೆ 58 ಎಂಬಿ. ನೀವು ದಿನಕ್ಕೆ ನಾಲ್ಕು ಗಂಟೆ ಕೇಳಿದರೂ ನಿಮ್ಮ ಒಂದೂವರೆ ಜಿಬಿಯಲ್ಲಿ ಅದು ಸಣ್ಣ ಪಾಲಷ್ಟೇ. ಆದರೆ ಆ ಸ್ವಲ್ಪವೂ ಬಿಡುವಿಲ್ಲದೆ ಬರುತ್ತಲೇ ಇರಬೇಕು. ಜೋರಾಗಿ ಬರುವುದು ಮುಖ್ಯವಲ್ಲ, ಒಂದೇ ಸಮನೆ ಬರುವುದು ಮುಖ್ಯ.

ಈಗ ನಿಮ್ಮ ಸಂಜೆಯ ವಿಷಯ. ನಿಮ್ಮದು ದಿನಕ್ಕೆ 1.5 ಜಿಬಿ ಪ್ಯಾಕ್ ಅಂತ ಹೋದ ತಿಂಗಳು ರೀಚಾರ್ಜ್ ಮಾಡುವಾಗ ನೋಡಿದ್ದೆ. ಶಾಲೆ ಮುಗಿಸಿ ಬರುವ ಮೊಮ್ಮಗ ನಿಮ್ಮ ಹಾಟ್‌ಸ್ಪಾಟ್ ಹಾಕಿಕೊಳ್ಳುತ್ತಾನೆ ಅಂತ ನೀವೇ ಹೇಳಿದ್ದೀರಿ. ಅವನ ವಿಡಿಯೋಗಳು ಒಂದೆರಡು ಗಂಟೆಯಲ್ಲಿ ಆ ಒಂದೂವರೆ ಜಿಬಿಯನ್ನು ಮುಗಿಸಿರುತ್ತವೆ. ಇಂಥ ಪ್ಯಾಕುಗಳಲ್ಲಿ ದಿನದ ಡೇಟಾ ಮುಗಿದ ಮೇಲೆ ನೆಟ್ ಪೂರ್ತಿ ಬಂದ್ ಆಗುವುದಿಲ್ಲ. ಸ್ಪೀಡ್ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ, ಕೆಲವದರಲ್ಲಿ ಇನ್ನೂ ಕಡಿಮೆ. ವಾಟ್ಸಾಪ್ ಮೆಸೇಜ್ ಹೇಗೋ ಹೋಗುತ್ತದೆ, ಹಾಗಾಗಿ ನೆಟ್ ಇದೆ ಅಂತಲೇ ಅನ್ನಿಸುತ್ತದೆ.

ಲೆಕ್ಕ ಹಾಕಿ ನೋಡಿ. ಹಾಡಿಗೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು ಅಂದುಕೊಳ್ಳಿ. ಬರುವುದೇ ಹೆಚ್ಚೆಂದರೆ 64. ಅದರಲ್ಲಿ ವಾಟ್ಸಾಪ್, ಜಿಮೇಲ್ ಅಂತ ಹಿಂದೆ ಓಡುವ ಆ್ಯಪ್‌ಗಳು ಪಾಲು ಕೇಳುತ್ತವೆ. ಹಾಡಿಗೆ 48 ಉಳಿಯಿತು ಅನ್ನಿ. ಆಗ 10 ಸೆಕೆಂಡಿನ ಹಾಡು ಬಂದು ಸೇರಲು 13 ಸೆಕೆಂಡ್ ಬೇಕು. ಹತ್ತು ಸೆಕೆಂಡ್ ಹಾಡುತ್ತದೆ, ಮೂರು ಸೆಕೆಂಡ್ ನಿಲ್ಲುತ್ತದೆ. ನೀವು ಬರೆದ ‘ಒಂದು ಸಾಲು ಬರುತ್ತೆ, ನಿಲ್ಲುತ್ತೆ’ ಅನ್ನುವುದು ಇದೇ. ಟವರ್ ಸಿಗ್ನಲ್‌ನ ತೊಂದರೆ ಆಗಿದ್ದರೆ ಇಷ್ಟು ತಾಳಬದ್ಧವಾಗಿ ನಿಲ್ಲುವುದಿಲ್ಲ. ಒಮ್ಮೆ ಅರ್ಧ ಗಂಟೆ ಚೆನ್ನಾಗಿ ಬಂದು, ಒಮ್ಮೆ ಒಂದು ನಿಮಿಷ ಮೌನವಾಗಿ, ಹಾಗೆ ಹೇಗೆ ಹೇಗೋ ಆಗುತ್ತದೆ.

ಖಚಿತ ಮಾಡಿಕೊಳ್ಳುವುದು ಸುಲಭ. ಇವತ್ತು ಸಂಜೆ ರೇಡಿಯೋ ನಿಲ್ಲಲು ಶುರುವಾದ ಕೂಡಲೇ ಎಸ್‌ಎಂಎಸ್ ತೆಗೆದು ನೋಡಿ. ದಿನದ ಡೇಟಾ ಪೂರ್ತಿ ಬಳಸಿದ್ದೀರಿ ಅಂತ ಕಂಪನಿಯಿಂದ ಒಂದು ಮೆಸೇಜ್ ಬಂದಿರಬೇಕು. ಅದು ಬಂದ ಹೊತ್ತಿಗೂ ರೇಡಿಯೋ ತೊದಲಲು ಶುರುವಾದ ಹೊತ್ತಿಗೂ ತಾಳೆ ಆದರೆ ವಿಷಯ ಮುಗಿಯಿತು. ರಾತ್ರಿ 12ಕ್ಕೆ ಹೊಸ ದಿನದ ಡೇಟಾ ಬರುತ್ತದೆ, ಅದಕ್ಕೇ ಬೆಳಿಗ್ಗೆ ಮತ್ತೆ ಸರಿಯಾಗಿರುತ್ತದೆ.

ಇದಕ್ಕೆ ಮಾಡಬೇಕಾದದ್ದು: ಹಾಟ್‌ಸ್ಪಾಟ್‌ಗೆ ಮಿತಿ ಹಾಕಿ. ಹಲವು ಆಂಡ್ರಾಯ್ಡ್ ಫೋನುಗಳ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲೇ ಇಷ್ಟು ಎಂಬಿ ಆದ ಮೇಲೆ ನಿಲ್ಲಿಸು ಅನ್ನುವ ಅನುಕೂಲ ಇರುತ್ತದೆ. 700 ಎಂಬಿ ಅವನಿಗೆ ಸಾಕು. ವಾಟ್ಸಾಪ್‌ನಲ್ಲಿ ಮೊಬೈಲ್ ಡೇಟಾದಲ್ಲಿ ವಿಡಿಯೋ ತಾನಾಗೇ ಡೌನ್‌ಲೋಡ್ ಆಗುವುದನ್ನು ಆಫ್ ಮಾಡಿ. ನಮ್ಮ ಈ ಗುಂಪಿನಲ್ಲೇ ದಿನಕ್ಕೆ ಎಷ್ಟು ವಿಡಿಯೋ ಬರುತ್ತವೆ, ನೀವೇ ನೋಡುತ್ತಿದ್ದೀರಿ. ಭದ್ರಾವತಿ ಕೇಂದ್ರ 103.5 ಎಫ್‌ಎಂನಲ್ಲೂ ಬರುತ್ತದೆ. ನಿಮ್ಮ ಜಗಲಿಯಲ್ಲಿ ಅದು ಸಿಕ್ಕಿದರೆ ಬೆಳಗಿನ ಹೊತ್ತು ರೇಡಿಯೋ ಸೆಟ್‌ನಲ್ಲೇ ಕೇಳಿ, ಅದಕ್ಕೆ ಡೇಟಾವೇ ಬೇಡ. ಅಮೃತವರ್ಷಿಣಿ ಮಾತ್ರ 100.1ರಲ್ಲಿ ಬೆಂಗಳೂರಿನ ಸುತ್ತಮುತ್ತಲಿಗಷ್ಟೇ ಸಿಗುವುದು, ಮಲೆನಾಡಿನಲ್ಲಿ ಕೂತವರಿಗೆ ಇಂಟರ್ನೆಟ್ ಒಂದೇ ದಾರಿ. ಅದಕ್ಕಾಗಿಯೇ ನಿಮ್ಮ ಡೇಟಾ ಸಂಜೆಯವರೆಗೆ ಉಳಿಯಬೇಕು ಅಂತ ನಾನು ಇಷ್ಟು ಹೇಳುತ್ತಿರುವುದು. ಕಣ್ಣಿನ ತೊಂದರೆಯಿಂದ ಟಿವಿ ಬಿಟ್ಟ ಮೇಲೆ ನಿಮಗೆ ಆ ಸಂಜೆಯ ಸಂಗೀತ ಎಷ್ಟು ಬೇಕು ಅನ್ನುವುದು ನಮಗೆಲ್ಲ ಗೊತ್ತು.

ಮಾವ, ಈಗ ನಿಮ್ಮದು. ನಿಮ್ಮಲ್ಲಿ 100 ಎಂಬಿಪಿಎಸ್ ಫೈಬರ್ ಇದೆ, ಸ್ಪೀಡ್ ಟೆಸ್ಟ್‌ನಲ್ಲಿ 90 ದಾಟುತ್ತದೆ, ಆದರೂ ರೇಡಿಯೋ ತಡೆಯುತ್ತದೆ, 200ರ ಪ್ಲಾನ್ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ನಿಮ್ಮ ರೇಡಿಯೋಗೆ ಬೇಕಾದದ್ದು ಆ 100ರಲ್ಲಿ ಸಾವಿರಕ್ಕೆ ಒಂದು ಪಾಲು. 200 ಮಾಡಿದರೂ ತಡೆಯುವುದು ತಡೆಯುತ್ತಲೇ ಇರುತ್ತದೆ.

ನಿಮ್ಮ ಮನೆಯಲ್ಲಿ ಎರಡು ಅನುಮಾನ ನನಗೆ. ಒಂದು, ನೀವು ಕೇಳುವುದು ಬ್ಲೂಟೂತ್ ಸ್ಪೀಕರ್‌ನಲ್ಲಿ, ಅದೂ ಅಡುಗೆಮನೆಯ ಪಕ್ಕದಲ್ಲಿ. ಬ್ಲೂಟೂತ್, ಹಳೆಯ 2.4 ಗಿಗಾಹರ್ಟ್ಸ್ ವೈಫೈ, ಮೈಕ್ರೋವೇವ್ ಒಲೆ, ಮೂರೂ ಒಂದೇ ತರಂಗಾಂತರದ ಆಸುಪಾಸಿನಲ್ಲಿ ಇರುವಂಥವು. ಒಲೆ ಆನ್ ಆದಾಗ ಉಳಿದೆರಡಕ್ಕೂ ತೊಂದರೆ. ಹೇಗೆ ನಿಲ್ಲುತ್ತದೆ ಅನ್ನುವುದನ್ನು ಕೇಳಿಸಿಕೊಳ್ಳಿ. ಬ್ಲೂಟೂತ್ ತೊಂದರೆ ಆದರೆ ದನಿ ಕಟ್ ಕಟ್ ಆಗಿ ಅಕ್ಷರಗಳು ನುಂಗಿಹೋಗುತ್ತವೆ, ಫೋನಿನ ಪರದೆಯಲ್ಲಿ ಮಾತ್ರ ಸ್ಟೇಷನ್ ಆರಾಮಾಗಿ ಓಡುತ್ತಿರುತ್ತದೆ. ನೆಟ್ ತೊಂದರೆ ಆದರೆ ದನಿ ಪೂರ್ತಿ ನಿಂತು ಚಕ್ರ ತಿರುಗುತ್ತದೆ. ಸ್ಪೀಕರ್ ಬಿಡಿಸಿ ಫೋನಿನಲ್ಲೇ ಸ್ವಲ್ಪ ಹೊತ್ತು ಕೇಳಿ. ಸರಿಹೋದರೆ ನೆಟ್ ಕಂಪನಿಗೆ ಫೋನ್ ಮಾಡುವ ಅಗತ್ಯವೇ ಇಲ್ಲ.

ಎರಡನೆಯದು ನನಗೆ ಹೆಚ್ಚು ಅನುಮಾನ ಇರುವುದು. ನಿಮ್ಮ ಸೊಸೆ ಮದುವೆ ಫೋಟೋ ತೆಗೆಯುವ ಕೆಲಸದಲ್ಲಿ ಇದ್ದಾರೆ. ರಾತ್ರಿ ಎಂಟರ ಮೇಲೆ ಅವರ ಲ್ಯಾಪ್‌ಟಾಪ್‌ನಿಂದ ನೂರಾರು ಫೋಟೋ ಮೇಲಕ್ಕೆ ಹೋಗುತ್ತವೆ. ನೀವು ರೇಡಿಯೋ ತಡೆಯುತ್ತದೆ ಅನ್ನುವುದೂ ಅದೇ ಹೊತ್ತಿನಲ್ಲಿ. ಅಪ್‌ಲೋಡ್ ಆಗುವಾಗ ರೂಟರ್ ಹೊರಗೆ ಹೋಗಬೇಕಾದ ಎಲ್ಲವನ್ನೂ ಒಂದು ಸಾಲಿನಲ್ಲಿ ನಿಲ್ಲಿಸುತ್ತದೆ. ನಿಮ್ಮ ಫೋನ್ ರೇಡಿಯೋ ಸರ್ವರ್‌ಗೆ ‘ಇಷ್ಟು ಬಂತು, ಮುಂದಿನದು ಕಳಿಸು’ ಅಂತ ಹೇಳುವ ಪುಟ್ಟ ಸಂದೇಶವೂ ಆ ಸಾಲಿನ ಹಿಂದೆ ನಿಲ್ಲುತ್ತದೆ. ಅದು ತಲುಪುವುದು ತಡವಾದರೆ ಸರ್ವರ್ ಮುಂದಿನದನ್ನು ತಡವಾಗಿ ಕಳಿಸುತ್ತದೆ. ಕೆಳಗೆ ಬರುವ ದಾರಿ ಖಾಲಿ ಇದ್ದರೂ ಹಾಡು ಬರುವುದಿಲ್ಲ. ಸ್ಪೀಡ್ ಟೆಸ್ಟ್ ಇದನ್ನು ತೋರಿಸುವುದಿಲ್ಲ, ಯಾಕೆಂದರೆ ನೀವು ಟೆಸ್ಟ್ ಮಾಡುವುದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ.

ಇವತ್ತು ರಾತ್ರಿ ತಡೆದಾಗ ಅವರಿಗೆ ಅಪ್‌ಲೋಡ್ ಹತ್ತು ನಿಮಿಷ ನಿಲ್ಲಿಸಲು ಹೇಳಿ. ರೇಡಿಯೋ ಸರಾಗ ಆದರೆ ಕಾರಣ ಸಿಕ್ಕಿತು. ಫೋಟೋ ಕಳಿಸುವ ಸಾಫ್ಟ್‌ವೇರ್‌ನಲ್ಲಿ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಲು ಆಗುತ್ತದೆಯೇ ನೋಡಿ, ಸಾಮಾನ್ಯವಾಗಿ ಆಗುತ್ತದೆ. ನಿಮ್ಮ ಲೈನಿನ ಅಪ್‌ಲೋಡ್‌ನಲ್ಲಿ ಮುಕ್ಕಾಲು ಪಾಲು ಅವರಿಗೆ ಬಿಟ್ಟರೂ ಉಳಿದದ್ದು ರೇಡಿಯೋಗೆ ಧಾರಾಳ. ರೂಟರ್‌ನಲ್ಲಿ ಕ್ಯೂಒಎಸ್ ಅನ್ನುವ, ಯಾವುದಕ್ಕೆ ಮೊದಲು ದಾರಿ ಬಿಡಬೇಕು ಅಂತ ಹೇಳುವ ಸೆಟ್ಟಿಂಗ್ ಇದ್ದರೆ ಅದರಲ್ಲೂ ಮಾಡಬಹುದು, ಅದನ್ನು ನಾನೇ ಮಾಡಿಕೊಡುತ್ತೇನೆ.

ಕರೆಂಟ್ ಹೋದಾಗ ಎರಡು ನಿಮಿಷ ರೇಡಿಯೋ ಇಲ್ಲ ಅಂದಿರಿ. ಅದು ಇನ್ವರ್ಟರ್‌ಗೆ ಬದಲಾಗುವ ಕ್ಷಣದಲ್ಲಿ ರೂಟರ್ ಆಫ್ ಆಗಿ ಮತ್ತೆ ಶುರುವಾಗುವುದರಿಂದ. ರೂಟರ್‌ಗೆಂದೇ 12 ವೋಲ್ಟ್‌ನ ಪುಟ್ಟ ಯುಪಿಎಸ್ ಸಿಗುತ್ತದೆ. ಈ ಇಡೀ ಮಾತಿನಲ್ಲಿ ದುಡ್ಡು ಕೊಟ್ಟು ತಗೊಳ್ಳಿ ಅಂತ ನಾನು ಹೇಳುವುದು ಇದೊಂದನ್ನೇ. ಫೈಬರ್ ಪೆಟ್ಟಿಗೆ ಬೇರೆ ಇದ್ದರೆ ಅದಕ್ಕೂ ಅದರಿಂದಲೇ ಕರೆಂಟ್ ಕೊಡಬೇಕು, ಮರೆಯಬೇಡಿ.

ಅಕ್ಕ, ನಿನಗೆ ಅಮೆರಿಕದ ಸ್ಟೇಷನ್‌ಗಳು ಚೆನ್ನಾಗಿ ಬರುತ್ತವೆ, ಬೆಂಗಳೂರಿನವು ಮಾತ್ರ ಆಗಾಗ ತಡೆಯುತ್ತವೆ. ಹಾಗಾದರೆ ನಿನ್ನ ವೈಫೈಯದ್ದು ತಪ್ಪಿಲ್ಲ. ಅಲ್ಲಿಂದ ಬೆಂಗಳೂರಿಗೆ ಒಂದು ಸಂದೇಶ ಹೋಗಿ ಬರಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಬೇಕು. ದಾರಿಯಲ್ಲಿ ಒಂದು ತುಣುಕು ಕಳೆದುಹೋದರೆ ಮತ್ತೆ ಕೇಳಿ ತರಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಕೂಡಿಟ್ಟದ್ದು ಖಾಲಿ. ಇದಕ್ಕೆ ಕೂಡಿಡುವುದನ್ನು ಜಾಸ್ತಿ ಮಾಡಬೇಕು. ವಿಎಲ್‌ಸಿ ಪ್ಲೇಯರ್ ಹಾಕಿಕೋ. ಅದರ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಕ್ಯಾಶಿಂಗ್ ಅಂತ ಇರುತ್ತದೆ, ಮಿಲಿಸೆಕೆಂಡ್ ಲೆಕ್ಕದಲ್ಲಿ. ಕಂಪ್ಯೂಟರ್‌ನಲ್ಲಿ ಅದು 1000 ಇರುತ್ತದೆ, ಅಂದರೆ ಒಂದೇ ಸೆಕೆಂಡ್. ಅದನ್ನು 10000 ಮಾಡು. ಸ್ಟೇಷನ್‌ನ ಲಿಂಕ್ ಅದರಲ್ಲಿ ಹಾಕಿದರೆ ಶುರುವಾಗುವುದು ಸ್ವಲ್ಪ ತಡ ಆಗುತ್ತದೆ, ಆಮೇಲೆ ತಡೆಯುವುದು ಬಹಳ ಕಡಿಮೆಯಾಗುತ್ತದೆ. ಎಷ್ಟು ಕೂಡಿಡುತ್ತೀಯೋ ಅಷ್ಟು ತಡವಾಗಿ ಕೇಳಿಸುತ್ತದೆ, ಹಾಗಾಗಿ ಆಕಾಶವಾಣಿಯ ಸಮಯದ ಬೀಪ್ ಕೇಳಿ ಗಡಿಯಾರ ಸರಿಮಾಡಬೇಡ. ಸಂಗೀತ ಕೇಳುವವರಿಗೆ ಅದರಿಂದ ಏನೂ ನಷ್ಟವಿಲ್ಲ.

ಇನ್ನು ಪರದೆ ಆಫ್ ಆದ ಕೂಡಲೇ ರೇಡಿಯೋ ಪೂರ್ತಿ ನಿಂತುಹೋಗುತ್ತದೆ ಅಂತ ಯಾರಿಗಾದರೂ ಆಗುತ್ತಿದ್ದರೆ ಅದು ಬಫರಿಂಗ್ ಅಲ್ಲ. ಫೋನ್ ಬ್ಯಾಟರಿ ಉಳಿಸಲು ಆ್ಯಪನ್ನೇ ಮುಚ್ಚುತ್ತಿದೆ. ಸೆಟ್ಟಿಂಗ್ಸ್, ಆ್ಯಪ್ಸ್, ಆ ರೇಡಿಯೋ ಆ್ಯಪ್, ಬ್ಯಾಟರಿ, ಅಲ್ಲಿ ಅನ್‌ರಿಸ್ಟ್ರಿಕ್ಟೆಡ್ ಮಾಡಿ. ಡೇಟಾ ಸೇವರ್ ಹಾಕಿಕೊಂಡಿರುವವರು ಅದರಲ್ಲೂ ಈ ಆ್ಯಪ್‌ಗೆ ವಿನಾಯಿತಿ ಕೊಡಿ.

ಒಂದೇ ಸ್ಟೇಷನ್ ತಡೆದು ಉಳಿದವೆಲ್ಲ ಚೆನ್ನಾಗಿದ್ದರೆ ತೊಂದರೆ ಸಾಮಾನ್ಯವಾಗಿ ಅವರ ಕಡೆಯದು ಇಲ್ಲವೇ ದಾರಿಯದು. ನಿಮ್ಮ ಸೆಟ್ಟಿಂಗ್‌ಗಳನ್ನು ಸುಮ್ನೆ ಕೆದಕಬೇಡಿ, ಅರ್ಧ ಗಂಟೆ ಬಿಟ್ಟು ನೋಡಿ. ಆ ಆ್ಯಪ್‌ನಲ್ಲಿ ದೇಶದ 240ಕ್ಕೂ ಹೆಚ್ಚು ಆಕಾಶವಾಣಿ ವಾಹಿನಿಗಳಿವೆ. ಅಮೃತವರ್ಷಿಣಿ ಬರದಿದ್ದರೆ ಅಷ್ಟು ಹೊತ್ತು ಧಾರವಾಡ ಹಾಕಿ ನೋಡಿ. 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಶುರುಮಾಡಿದಾಗ ಅವರ ಯಂತ್ರ 30 ವ್ಯಾಟ್‌ನದ್ದು. ಈಗ ಧಾರವಾಡದ ಸಿತಾರ್ ನ್ಯೂಜೆರ್ಸಿಯಲ್ಲಿ ಕೇಳುತ್ತದೆ. ಇಂಥದ್ದು ಬಫರಿಂಗ್‌ಗೆ ಬೇಸತ್ತು ಯಾರ ಮನೆಯಲ್ಲೂ ಬಂದ್ ಆಗಬಾರದು ಅಂತ ನನ್ನ ಆಸೆ.

ಚಿಕ್ಕಮ್ಮ, ಸಂಜೆ ಆ ಎಸ್‌ಎಂಎಸ್ ಬಂದ ಹೊತ್ತನ್ನು ಇಲ್ಲೇ ಹಾಕಿ. ಮಾವ, ಅಪ್‌ಲೋಡ್ ನಿಲ್ಲಿಸಿದಾಗ ಏನಾಯಿತು ಅಂತ ಹೇಳಿ, ಜೊತೆಗೆ ರೂಟರ್‌ನ ಮಾಡೆಲ್ ಹೆಸರಿನ ಫೋಟೋ ಕಳಿಸಿ. ಪಾಸ್‌ವರ್ಡ್ ಬರೆದಿರುವ ಸ್ಟಿಕ್ಕರ್ ಮಾತ್ರ ಕೈಯಲ್ಲಿ ಮುಚ್ಚಿ ಫೋಟೋ ತೆಗೆಯಿರಿ, ಗುಂಪಿನಲ್ಲಿ ಜನ ಜಾಸ್ತಿ ಇದ್ದಾರೆ.