ಅಪ್‌ಡೇಟ್: ಶಿಕ್ಷಣ ಸಾಲದ ಕಂತಿಗೆ ಸದ್ಯ ಒಂದು ದಾರಿಯಾಗಿದೆ

ಎಂಬಿಎ ಮುಗಿಸಿ ಕಾಸರಗೋಡು ಜಿಲ್ಲೆಯ ಕುಂಬಳೆಗೆ ಮರಳಿದ ಮೇಲೂ ಕೆಲಸ ಸಿಗದಿರುವಾಗ ಶಿಕ್ಷಣ ಸಾಲವನ್ನು ಹೇಗೆ ತೀರಿಸುವುದೆಂದು ಹಿಂದೆ ಕೇಳಿದ್ದೆ. ಹಲವರು ಹೇಳಿದಂತೆ, ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟೆ. ಬಾಕಿ 90 ದಿನ ಮೀರಿದರೆ ಸಾಲ ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ) ಆಗುತ್ತದೆಂದೂ, ಸಹಸಾಲಗಾರರಾದ ಅಪ್ಪನ ಸಿಬಿಲ್ ಅಂಕ (ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕ) ಕುಸಿದು ಅಡಿಕೆ ತೋಟಕ್ಕೆ ಅವರು ಪಡೆಯುವ ಬೆಳೆಸಾಲಕ್ಕೂ ತೊಡಕಾಗಬಹುದೆಂದೂ ಅಧಿಕಾರಿ ವಿವರಿಸಿದಾಗ ನಿಜಕ್ಕೂ ಭಯವಾಯಿತು. ಸದ್ಯಕ್ಕೆ ಒಂದು ವರ್ಷ ಬಡ್ಡಿಯನ್ನಷ್ಟೇ ಕಟ್ಟಲು ಒಪ್ಪಿದ್ದಾರೆ. ಅಸಲು ಹಾಗೆಯೇ ಉಳಿಯುವುದರಿಂದ ಒಟ್ಟು ಬಡ್ಡಿ ಹೆಚ್ಚುತ್ತದೆ, ಆದರೂ ನನ್ನ ಮಟ್ಟಿಗೆ ಇದೇ ಸರಿ. ಹಗಲು ಉಪ್ಪಳದ ಅಂಗಡಿಯೊಂದರ ಜಿಎಸ್‌ಟಿ ಲೆಕ್ಕ ಬರೆದು, ಸಂಜೆ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬರುವ ಹಣದಲ್ಲಿ ಬಡ್ಡಿಯ ಪಾಲನ್ನು ಮೊದಲೇ ಬೇರೆ ಖಾತೆಗೆ ಹಾಕುತ್ತೇನೆ. ಕನ್ನಡ ಬಲ್ಲವರಿಗೆಂದು ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಕಾಸರಗೋಡಿನಲ್ಲಿ ಕರೆಯುವ ಹುದ್ದೆಗಳಿಗೂ ಓದುತ್ತಿದ್ದೇನೆ. ಕಂತು ಕಟ್ಟಲೆಂದು ಆ್ಯಪ್ ಸಾಲ ಮಾಡದಂತೆ ನನ್ನನ್ನು ತಡೆದವರಿಗೆ ಮನಃಪೂರ್ವಕ ವಂದನೆಗಳು.